ಹಳೇ ಟ್ರ್ಯಾಕ್ಟರ್ ಲಿಫ್ಟ್ ಏಳುತ್ತಿಲ್ವಾ? ಪಂಪ್ ಬಿಚ್ಚುವ ಮೊದಲು ನಿಮ್ಮ ಮನೆಯ ಸಂಪ್ ನೆನಪಿಸಿಕೊಳ್ಳಿ

ಮುಂಗಾರಿನ ಎರಡು ಒಳ್ಳೆ ಮಳೆ ಬಿದ್ದರೆ ಸಾಕು, ಬೆಂಗಳೂರಿನ ಸುತ್ತಲ ಹೊಲಗಳಲ್ಲಿ ಒಂದೇ ಧಾವಂತ. ಹದ ಆರುವ ಮೊದಲು ಉಳಬೇಕು, ರಾಗಿ ಬಿತ್ತಬೇಕು. ದೊಡ್ಡಬಳ್ಳಾಪುರ, ಹೊಸಕೋಟೆ, ಆನೇಕಲ್, ನೆಲಮಂಗಲ ಎಲ್ಲಿ ಹೋದರೂ ಇದೇ ಕಥೆ. ಈಗೀಗ ಈ ಧಾವಂತದಲ್ಲಿ ಹೊಸ ಮುಖಗಳೂ ಕಾಣುತ್ತವೆ. ವಾರವೆಲ್ಲ ವೈಟ್‌ಫೀಲ್ಡ್‌ನಲ್ಲಿ ಕಂಪ್ಯೂಟರ್ ಮುಂದೆ ಕೂತು, ಶನಿವಾರ ಬೆಳಿಗ್ಗೆ ಅಜ್ಜನ ಜಮೀನಿಗೆ ಓಡುವವರು. ಇವರ ಹತ್ತಿರ ಇರುವುದು ಒಂದೋ ಅಜ್ಜನ ಕಾಲದ ಟ್ರ್ಯಾಕ್ಟರ್, ಇಲ್ಲವೇ ನೀರಿನ ಟ್ಯಾಂಕರ್ ಎಳೆದು ಎಳೆದು ಸುಸ್ತಾದ ಸೆಕೆಂಡ್ ಹ್ಯಾಂಡ್ ಗಾಡಿ.

ಹೊಸ ಬ್ಯಾಟರಿ ಹಾಕಿದರೆ ಇಂಜಿನ್ ಹೇಗೋ ಸ್ಟಾರ್ಟ್ ಆಗುತ್ತದೆ. ಹಳೇ ಡೀಸೆಲ್ ಇಂಜಿನ್‌ಗಳು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಹಿಂದೆ ಉಳುವ ಸಲಕರಣೆ, ಅಂದರೆ ಕಲ್ಟಿವೇಟರ್ ಸಿಕ್ಕಿಸಿ, ಅದನ್ನು ಎತ್ತಲು ಲಿವರ್ ಎಳೆದಾಗ ನಿಜವಾದ ತಲೆನೋವು ಶುರು. ಹಿಂದೆ ಏನೂ ಅಲ್ಲಾಡುವುದಿಲ್ಲ. ಅಥವಾ ಒಂದು ಗೇಣು ಎದ್ದು ಅಲ್ಲೇ ನಿಲ್ಲುತ್ತದೆ. ಅಕ್ಕಪಕ್ಕದವರು ಬಂದು ನೋಡಿ, 'ಪಂಪ್ ಹೋಗಿದೆ ಸ್ವಾಮಿ' ಎಂದು ತೀರ್ಪು ಕೊಟ್ಟು ಹೋಗುತ್ತಾರೆ. ಪಂಪ್ ಹೋಗಿರಬಹುದು. ಆದರೆ ಅಲ್ಲಿಗೆ ಬರುವ ಮೊದಲು ನೋಡಬೇಕಾದ ನಾಲ್ಕಾರು ಜಾಗಗಳಿವೆ. ಹೆಚ್ಚಿನವಕ್ಕೆ ಸ್ಪ್ಯಾನರ್ ಕೂಡ ಬೇಡ.

## ಲಿಫ್ಟ್ ಅಂದರೆ ಯಾವ ಭಾಗ?

ಟ್ರ್ಯಾಕ್ಟರ್ ಹಿಂದೆ ನಿಂತು ನೋಡಿ. ಕೆಳಗೆ ಎರಡು ಉದ್ದನೆಯ ಕಬ್ಬಿಣದ ತೋಳುಗಳಿವೆ. ಅವು ಕೆಳ ಲಿಂಕ್‌ಗಳು. ನಡುವೆ ಮೇಲ್ಗಡೆ ಒಂದು ಗಿಡ್ಡ ತೋಳು ಇದೆ, ತಿರುಗಿಸಿದರೆ ಉದ್ದ ಗಿಡ್ಡ ಆಗುತ್ತದೆ. ಅದು ಟಾಪ್ ಲಿಂಕ್. ನೇಗಿಲು, ಕಲ್ಟಿವೇಟರ್, ರೋಟಾವೇಟರ್ ಎಲ್ಲ ಈ ಮೂರು ಬಿಂದುಗಳಿಗೆ ಸಿಕ್ಕಿಕೊಳ್ಳುತ್ತವೆ. ಸೀಟಿನ ಕೆಳಗಿನ ದಪ್ಪ ಕಬ್ಬಿಣದ ಕವರಿನಿಂದ ಎಡಕ್ಕೊಂದು ಬಲಕ್ಕೊಂದು ಗಿಡ್ಡ ತೋಳು ಹೊರಬಂದಿದೆ. ಅವು ಲಿಫ್ಟ್ ತೋಳುಗಳು. ಅವು ಏಳುವಾಗ ಕೆಳ ಲಿಂಕ್‌ಗಳನ್ನೂ ಎತ್ತಿಕೊಂಡು ಏಳುತ್ತವೆ. ಅವನ್ನು ಎಬ್ಬಿಸುವ ಶಕ್ತಿ ಆಯಿಲ್‌ನದು.

ಆಯಿಲ್‌ಗೆ ಅಷ್ಟು ಶಕ್ತಿ ಎಲ್ಲಿಂದ ಬಂತು? ಕಟಿಂಗ್ ಶಾಪ್‌ನ ಕುರ್ಚಿ ನೆನಪಿಸಿಕೊಳ್ಳಿ. ಕಾಲಲ್ಲಿ ಪೆಡಲ್ ನಾಲ್ಕು ಸಲ ಒತ್ತಿದರೆ ಎಂಬತ್ತು ಕೆಜಿ ಗಿರಾಕಿ ಮೇಲೇಳುತ್ತಾನೆ. ಮುಚ್ಚಿದ ಜಾಗದಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಹೇಳಿದ ನಿಯಮ ಇದು. ಸಣ್ಣ ಪಿಸ್ಟನ್ ಒತ್ತಿ ದೊಡ್ಡ ಪಿಸ್ಟನ್ ಎಬ್ಬಿಸಿದರೆ ಬಲ ಹೆಚ್ಚುತ್ತದೆ.

ಒಂದು ಲೆಕ್ಕ ನೋಡೋಣ. ಮೂರು ಇಂಚು ಅಗಲದ ಪಿಸ್ಟನ್ ಅಂದುಕೊಳ್ಳಿ. ಅದರ ಮುಖದ ವಿಸ್ತೀರ್ಣ ಸುಮಾರು 7 ಚದರ ಇಂಚು. ಪ್ರತಿ ಚದರ ಇಂಚಿನ ಮೇಲೆ 2000 ಪೌಂಡ್, ಅಂದರೆ 2000 ಪಿಎಸ್‌ಐ ಒತ್ತಡ ಬಿದ್ದರೆ ಒಟ್ಟು 14,000 ಪೌಂಡ್. ಆರು ಟನ್‌ಗೂ ಮೇಲೆ! ನಿಮ್ಮ ಕಾರಿನ ಟೈರಲ್ಲಿ ಇರುವುದು ಬರೀ 30 ಚಿಲ್ಲರೆ ಪಿಎಸ್‌ಐ. ಪಿಸ್ಟನ್ ತಳ್ಳುವುದು ಲಿಫ್ಟ್ ತೋಳಿನ ಬುಡದ ಹತ್ತಿರ, ಭಾರ ತೂಗುವುದು ದೂರದ ತುದಿಯಲ್ಲಿ. ಹಾಗಾಗಿ ಆರು ಟನ್ನಿನಲ್ಲಿ ತುದಿಗೆ ಮುಟ್ಟುವುದು ಸ್ವಲ್ಪವೇ. 35 ಎಚ್‌ಪಿ ವರ್ಗದ ಹಳೇ ಟ್ರ್ಯಾಕ್ಟರ್‌ಗಳು ಒಂದು ಟನ್ ಆಸುಪಾಸು ಎತ್ತುತ್ತವೆ. ಒಂಬತ್ತು ಹಲ್ಲಿನ ಕಲ್ಟಿವೇಟರ್ ಇರುವುದು ಇನ್ನೂರು ಮುನ್ನೂರು ಕೆಜಿ. ಅದನ್ನೂ ಎತ್ತಲು ಆಗದಿದ್ದರೆ ಒತ್ತಡ ಎಲ್ಲೋ ಸೋರಿಹೋಗುತ್ತಿದೆ, ಇಲ್ಲಾ ಹುಟ್ಟುತ್ತಲೇ ಇಲ್ಲ ಎಂದರ್ಥ.

## ಸಂಪ್, ಮೋಟರ್, ಓವರ್‌ಹೆಡ್ ಟ್ಯಾಂಕ್

ಬೆಂಗಳೂರಿನಲ್ಲಿ ಮನೆ ಮಾಡಿದವರಿಗೆ ಈ ವಿಷಯ ಅರ್ಥ ಮಾಡಿಸುವುದು ಸುಲಭ. ನೆಲದಡಿ ಸಂಪ್, ಪಕ್ಕದಲ್ಲಿ ಮೋಟರ್, ತಾರಸಿ ಮೇಲೆ ಟ್ಯಾಂಕ್. ಮೋಟರ್ ಗೊಂಯ್ ಅನ್ನುತ್ತಿದೆ, ಆದರೆ ಮೇಲೆ ನೀರು ಬೀಳುತ್ತಿಲ್ಲ. ಏನು ಮಾಡುತ್ತೀರಿ? ಮೊದಲು ಸಂಪ್ ಮುಚ್ಚಳ ತೆಗೆದು ನೀರಿದೆಯಾ ನೋಡುತ್ತೀರಿ. ಆಮೇಲೆ ಫುಟ್‌ವಾಲ್ವ್‌ಗೆ ಕಸ ಸಿಕ್ಕಿದೆಯಾ, ಏರ್ ಹಿಡಿದಿದೆಯಾ. ಆಮೇಲೆ ಪೈಪ್ ಎಲ್ಲಾದರೂ ಒಡೆದಿದೆಯಾ. ಇದೆಲ್ಲ ಸರಿ ಇದ್ದರೆ ಕಡೆಗೆ ಮೋಟರ್ ಬಿಚ್ಚುವ ಮಾತು. ಮೊದಲೇ ಹೋಗಿ ಹೊಸ ಮೋಟರ್ ತರುವವರು ಯಾರೂ ಇಲ್ಲ.

ಟ್ರ್ಯಾಕ್ಟರ್‌ನಲ್ಲೂ ಇದೇ ವ್ಯವಸ್ಥೆ. ಮ್ಯಾಸಿ ಫರ್ಗುಸನ್ 35, ನಮ್ಮಲ್ಲಿ ಜಾಸ್ತಿ ಕಾಣುವ 1035 ಈ ಜಾತಿಯವುಗಳಲ್ಲಿ ಗೇರ್‌ಬಾಕ್ಸ್ ಮತ್ತು ಹಿಂಬದಿ ಹೌಸಿಂಗ್ ತುಂಬ ಇರುವ ಆಯಿಲ್ಲೇ ಸಂಪ್. ಗೇರುಗಳಿಗೂ ಅದೇ ಆಯಿಲ್, ಲಿಫ್ಟ್‌ಗೂ ಅದೇ. ಆ ಆಯಿಲ್ ಒಳಗೆ ಮುಳುಗಿ ಕೂತಿರುವುದು ಪಂಪ್. ಅದರ ಬಾಯಿಗೆ ಜಾಲರಿ ಇದೆ, ಸ್ಟ್ರೈನರ್ ಅಂತಾರೆ. ಪಂಪ್‌ನಿಂದ ನೆಟ್ಟಗೆ ಮೇಲಕ್ಕೆ ಹೋಗುವ ಕೊಳವೆ ಸ್ಟ್ಯಾಂಡ್ ಪೈಪ್. ಅದು ಸೀಟಿನ ಕೆಳಗಿನ ಕವರಿಗೆ ಆಯಿಲ್ ಮುಟ್ಟಿಸುತ್ತದೆ. ಕವರಿನ ಒಳಮೈಗೆ ಅಂಟಿಕೊಂಡಿರುವ ಸಿಲಿಂಡರ್ ನಮ್ಮ ಓವರ್‌ಹೆಡ್ ಟ್ಯಾಂಕ್. ಆಯಿಲ್ ಅಲ್ಲಿಗೆ ಬಂದು ಪಿಸ್ಟನ್ ತಳ್ಳುತ್ತದೆ, ತೋಳು ಏಳುತ್ತದೆ.

ಹೋಲಿಕೆ ಒಂದು ಕಡೆ ಕೈಕೊಡುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಮನೆಯ ಗೇಟ್‌ವಾಲ್ವ್ ಇರುವುದು ಮೋಟರ್ ಆದ ಮೇಲಿನ ಪೈಪಿನಲ್ಲಿ. ಫರ್ಗುಸನ್ ಮಾದರಿಯಲ್ಲಿ ಕಂಟ್ರೋಲ್ ವಾಲ್ವ್ ಇರುವುದು ಪಂಪ್ ಆಯಿಲ್ ಹೀರುವ ಕಡೆ. ಲಿವರ್ ಮೇಲಕ್ಕೆ ಎಳೆದರೆ ಹೀರುವ ದಾರಿ ತೆರೆಯುತ್ತದೆ. ನಡುವೆ ನಿಲ್ಲಿಸಿದರೆ ದಾರಿ ಮುಚ್ಚುತ್ತದೆ, ಪಂಪ್ ಸುಮ್ನೆ ತಿರುಗುತ್ತಿರುತ್ತದೆ. ಕೆಳಕ್ಕೆ ಇಳಿಸಿದರೆ ಸಿಲಿಂಡರಿನ ಆಯಿಲ್ ವಾಪಸ್ ಸಂಪ್‌ಗೆ ಬೀಳಲು ಬೇರೆ ದಾರಿ ತೆರೆಯುತ್ತದೆ. ಒತ್ತಡ ಮಿತಿಮೀರಿದರೆ ಏನೂ ಒಡೆಯದಿರಲಿ ಎಂದು ರಿಲೀಫ್ ವಾಲ್ವ್ ಇದೆ. ಪ್ರೆಶರ್ ಕುಕ್ಕರಿನ ವೆಯ್ಟ್ ಇದ್ದಂತೆ. ಮಾಡೆಲ್ ನೋಡಿ 2000ದಿಂದ 3000 ಪಿಎಸ್‌ಐ ಒಳಗೆ ಎಲ್ಲೋ ಅದು ಬಾಯಿ ಬಿಡುತ್ತದೆ.

ಎಲ್ಲ ಹಳೇ ಟ್ರ್ಯಾಕ್ಟರ್‌ಗಳೂ ಹೀಗೇ ಇರುವುದಿಲ್ಲ. ಕೆಲವು ಕಂಪನಿಗಳ ಗಾಡಿಯಲ್ಲಿ ಗೇರ್ ಮಾದರಿಯ ಪಂಪ್ ಆಯಿಲ್‌ನಿಂದ ಹೊರಗೆ, ಇಂಜಿನ್ ಪಕ್ಕದಲ್ಲಿ ಇರುತ್ತದೆ. ಆಯಿಲ್ ಹೊರಗಿನ ಪೈಪ್‌ಗಳಲ್ಲಿ ಓಡಾಡುತ್ತದೆ. ಹುಡುಕುವ ಕ್ರಮ ಮಾತ್ರ ಎಲ್ಲದಕ್ಕೂ ಒಂದೇ.

## ಈ ಮೂರು ತೋಳಿನ ಐಡಿಯಾ ಯಾರದು?

ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗುಸನ್ ಎಂಬ ಮೆಕ್ಯಾನಿಕ್‌ದು. ಮೊದಲೆಲ್ಲ ನೇಗಿಲನ್ನು ಟ್ರೈಲರ್ ಥರ ಹಿಂದೆ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಕಲ್ಲಿಗೆ ಸಿಕ್ಕಿಕೊಂಡರೆ ಟ್ರ್ಯಾಕ್ಟರ್ ಮುಂಗಾಲೆತ್ತಿ ಹಿಂದಕ್ಕೆ ಮಗುಚುತ್ತಿತ್ತು. ನೇಗಿಲು ಮತ್ತು ಟ್ರ್ಯಾಕ್ಟರ್ ಒಂದೇ ದೇಹದ ಹಾಗೆ ಕೆಲಸ ಮಾಡಬೇಕು ಎಂದು ಫರ್ಗುಸನ್ ವರ್ಷಗಟ್ಟಲೆ ಒದ್ದಾಡಿದ. 1936ರಲ್ಲಿ ಫರ್ಗುಸನ್-ಬ್ರೌನ್ ಟ್ರ್ಯಾಕ್ಟರ್‌ನಲ್ಲಿ ಅದು ಮಾರಾಟಕ್ಕೆ ಬಂತು. 1939ರಲ್ಲಿ ಫೋರ್ಡ್ 9ಎನ್‌ನಲ್ಲಿ, 1946ರಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಟಿಇ20ಯಲ್ಲಿ ಇದೇ ವ್ಯವಸ್ಥೆ. ಮುಂದೆ ಮ್ಯಾಸಿ ಫರ್ಗುಸನ್ 35 ಬಂತು. 1960ರಲ್ಲಿ ಶುರುವಾದ ಚೆನ್ನೈನ ಟಾಫೆ ಕಂಪನಿಯ ಮೂಲಕ ಅದೇ ವಂಶ ನಮ್ಮ ಹೊಲಗಳಿಗೂ ಇಳಿಯಿತು. ಟಾಫೆಗೆ ಈಗ ನಮ್ಮ ದೊಡ್ಡಬಳ್ಳಾಪುರದಲ್ಲೂ ಕಾರ್ಖಾನೆ ಇದೆ.

ಫರ್ಗುಸನ್ ಮಾಡಿದ ಇನ್ನೊಂದು ಜಾಣತನವೇ ಇವತ್ತಿನ ಎಷ್ಟೋ ಗೊಂದಲಗಳಿಗೆ ಮೂಲ. ಅದು ಡ್ರಾಫ್ಟ್ ಕಂಟ್ರೋಲ್. ಎತ್ತಿನ ಬೇಸಾಯ ನೋಡಿದವರಿಗೆ ಗೊತ್ತು. ಗಟ್ಟಿ ನೆಲ ಬಂದಾಗ ರೈತ ನೇಗಿಲಿನ ಮೇಳಿಯನ್ನು ಒಂಚೂರು ಹಗುರ ಮಾಡುತ್ತಾನೆ. ಎತ್ತುಗಳಿಗೆ ಭಾರ ಕಡಿಮೆಯಾಗುತ್ತದೆ. ಟ್ರ್ಯಾಕ್ಟರ್‌ನಲ್ಲಿ ಆ ಕೆಲಸ ಟಾಪ್ ಲಿಂಕ್‌ನದು. ನೆಲ ಗಟ್ಟಿಯಾದಾಗ ಅದು ಮುಂದಕ್ಕೆ ಒತ್ತುತ್ತದೆ, ಅಲ್ಲಿರುವ ದಪ್ಪ ಸ್ಪ್ರಿಂಗ್ ಅಮುಕಿಕೊಳ್ಳುತ್ತದೆ, ಅದರಿಂದ ವಾಲ್ವ್ ಸರಿದು ನೇಗಿಲು ತಾನೇ ಒಂಚೂರು ಏಳುತ್ತದೆ. ಪೊಸಿಷನ್ ಕಂಟ್ರೋಲ್ ಬೇರೆ. ಅದು ಸಲಕರಣೆಯನ್ನು ಹೇಳಿದ ಎತ್ತರದಲ್ಲಿ ನಿಲ್ಲಿಸುತ್ತದೆ.

## ಕೆಟ್ಟಿರುವುದು ಲಿಫ್ಟೇನಾ?

ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ನಗಬೇಡಿ, ಈ ಹಂತದಲ್ಲೇ ಮುಗಿದುಹೋಗುವ ಕೇಸ್‌ಗಳು ಬೇಕಾದಷ್ಟಿವೆ.

ಕ್ಲಚ್ ಪೂರ್ತಿ ಒತ್ತಿ ಹಿಡಿದು ಲಿವರ್ ಎಳೆದರೆ ಈ ಗಾಡಿಗಳಲ್ಲಿ ಲಿಫ್ಟ್ ಏಳುವುದಿಲ್ಲ. ಪಂಪ್‌ಗೆ ಶಕ್ತಿ ಬರುವುದೇ ಕ್ಲಚ್ ಮೂಲಕ. ಕಾರು ಓಡಿಸಿ ಅಭ್ಯಾಸ ಇರುವವರ ಎಡಗಾಲು ತಾನಾಗೇ ಕ್ಲಚ್ ಮೇಲೆ ಕೂರುತ್ತದೆ, ಅಲ್ವಾ? ಕಾಲು ತೆಗೆದು ನೋಡಿ. ಟಿಇ20ಯಂಥ ಇನ್ನೂ ಹಳೇ ಗಾಡಿಯಾದರೆ ಪಿಟಿಒ ಲಿವರ್, ಅಂದರೆ ಹಿಂದಿನ ಸಲಕರಣೆ ತಿರುಗಿಸುವ ಶಾಫ್ಟಿನ ಲಿವರ್ ಹಾಕಿರಲೇಬೇಕು. ಅದು ಹಾಕದಿದ್ದರೆ ಪಂಪ್ ತಿರುಗುವುದೇ ಇಲ್ಲ.

'ಪೂರ್ತಿ ಏಳುತ್ತೆ, ಪೂರ್ತಿ ಇಳಿಯುತ್ತೆ, ನಡುವೆ ನಿಲ್ಲಲ್ಲ' ಎಂಬುದು ಇನ್ನೊಂದು ದೂರು. ನೀವು ಬಹುಶಃ ಡ್ರಾಫ್ಟ್ ಲಿವರ್ ಆಡಿಸುತ್ತಿದ್ದೀರಿ. ನೇಗಿಲು ಮಣ್ಣಿನಲ್ಲಿ ಇಲ್ಲದಾಗ ಡ್ರಾಫ್ಟ್ ಲಿವರಿಗೆ ನಡುವಿನ ಜಾಗವೇ ಗೊತ್ತಿಲ್ಲ. ಪಕ್ಕದ ಪೊಸಿಷನ್ ಲಿವರ್ ಬಳಸಿ.

ಟ್ಯಾಂಕರ್ ಅಥವಾ ಟಿಪ್ಪಿಂಗ್ ಟ್ರೈಲರ್ ಎಳೆದ ಗಾಡಿಯಾದರೆ ಇನ್ನೊಂದು ನೋಡಿ. ಟ್ರೈಲರ್ ಎತ್ತಲು ಆಯಿಲ್ ಪಕ್ಕಕ್ಕೆ ತಿರುಗಿಸುವ ವಾಲ್ವ್ ಯಾರಾದರೂ ಜೋಡಿಸಿರಬಹುದು. ಅದು ಟ್ರೈಲರ್ ಕಡೆಗೇ ತಿರುಗಿದ್ದರೆ ಲಿಫ್ಟ್‌ಗೆ ಆಯಿಲ್ ಹೋಗುವುದಿಲ್ಲ. ಟ್ಯಾಂಕರ್ ಗಾಡಿಗಳದ್ದೇ ಇನ್ನೊಂದು ಕಾಯಿಲೆ ಎಂದರೆ ತುಕ್ಕು. ಟ್ಯಾಂಕರ್ ಎಳೆಯಲು ಲಿಫ್ಟ್ ಬೇಕಿಲ್ಲ. ವರ್ಷಗಟ್ಟಲೆ ಅಲ್ಲಾಡದ ತೋಳುಗಳು ತಮ್ಮ ಬುಶ್‌ನಲ್ಲೇ ಕಚ್ಚಿಕೊಂಡಿರುತ್ತವೆ. ಇಂಜಿನ್ ಆಫ್ ಮಾಡಿ, ಲಿವರ್ ಕೆಳಗಿಟ್ಟು, ಸಲಕರಣೆ ಬಿಚ್ಚಿ, ಇಬ್ಬರು ಸೇರಿ ಲಿಂಕ್‌ಗಳನ್ನು ಕೈಯಲ್ಲಿ ಎತ್ತಿ ಬಿಡಿ. ಫರ್ಗುಸನ್ ಮಾದರಿಯಲ್ಲಿ ಅವು ಎದ್ದು ತಮ್ಮ ಭಾರಕ್ಕೆ ತಾವೇ ಇಳಿಯಬೇಕು. ಅಲ್ಲೇ ನಿಂತರೆ ತಪ್ಪು ಆಯಿಲ್‌ನದಲ್ಲ, ತುಕ್ಕಿನದು.

## ಆಯಿಲ್ ಕೇಳಿ, ಅದು ಹೇಳುತ್ತದೆ

ಸಂಪ್ ಮುಚ್ಚಳ ತೆಗೆಯುವ ಹೊತ್ತು. ಗಾಡಿಯನ್ನು ಮಟ್ಟದ ನೆಲದಲ್ಲಿ ನಿಲ್ಲಿಸಿ, ಲಿಫ್ಟ್ ಪೂರ್ತಿ ಇಳಿಸಿ. ಲಿಫ್ಟ್ ಎದ್ದಿದ್ದರೆ ಒಂದಷ್ಟು ಆಯಿಲ್ ಸಿಲಿಂಡರಿನಲ್ಲೇ ಇರುತ್ತದೆ, ಅಳತೆ ತಪ್ಪುತ್ತದೆ. ಡಿಪ್‌ಸ್ಟಿಕ್ ಒರೆಸಿ ಮತ್ತೆ ಹಾಕಿ ನೋಡಿ. ಕಡಿಮೆಯಿದ್ದರೆ ಪಂಪ್ ಗಾಳಿ ನುಂಗುತ್ತದೆ. ಇಳಿಜಾರಿನಲ್ಲಿ ಮಾತ್ರ ಲಿಫ್ಟ್ ಕೈಕೊಡುತ್ತಿದ್ದರೆ ಇದೇ ಮೊದಲ ಅನುಮಾನ.

ಮಟ್ಟಕ್ಕಿಂತ ಬಣ್ಣ ಜಾಸ್ತಿ ಮಾತಾಡುತ್ತದೆ. ಒಳ್ಳೆ ಆಯಿಲ್ ಪಾರದರ್ಶಕವಾಗಿ, ಬೆಲ್ಲದ ಪಾಕದ ಬಣ್ಣದಲ್ಲಿರುತ್ತದೆ. ಕಪ್ಪಾಗಿದ್ದರೆ ಹಳೆಯದು. ಹಾಲು ಬೆರೆಸಿದ ಕಾಫಿ ಥರ ಇದ್ದರೆ ನೀರು ಸೇರಿದೆ. ಶೆಡ್ ಇಲ್ಲದೆ ಮಳೆಯಲ್ಲಿ ನಿಂತ ಗಾಡಿಗಳಲ್ಲಿ ಗೇರ್ ಲಿವರಿನ ಹರಿದ ರಬ್ಬರ್ ಮೂಲಕ ನೀರು ಇಳಿಯುತ್ತದೆ. ಹಗಲು ಬಿಸಿ, ರಾತ್ರಿ ತಂಪು ಆಗುವಾಗ ಒಳಗೇ ಹನಿಯೂ ಕಟ್ಟುತ್ತದೆ. ಅನುಮಾನ ಇದ್ದರೆ ಹಳೇ ಕಬ್ಬಿಣದ ಹಂಚು ಚೆನ್ನಾಗಿ ಕಾಯಿಸಿ ಒಂದೇ ಒಂದು ತೊಟ್ಟು ಆಯಿಲ್ ಬಿಡಿ, ದೂರ ನಿಂತು. ಒಗ್ಗರಣೆಗೆ ಒದ್ದೆ ಕರಿಬೇವು ಬಿದ್ದಂತೆ ಚಟಪಟ ಅಂದರೆ ನೀರಿದೆ. ಸುಮ್ನೆ ಹೊಗೆ ಬಂದರೆ ಇಲ್ಲ. ಮನೆಯವರ ದೋಸೆ ಹಂಚು ಮಾತ್ರ ಮುಟ್ಟಬೇಡಿ.

ಎಣ್ಣೆಗಿಂತ ನೀರು ಭಾರ. ಅದು ತಳ ಸೇರುತ್ತದೆ. ಪಂಪ್ ಇರುವುದೂ ತಳದಲ್ಲೇ. ಗಾಡಿ ತಿಂಗಳುಗಟ್ಟಲೆ ನಿಂತಾಗ ಆ ನೀರು ವಾಲ್ವ್‌ಗೆ, ಪಿಸ್ಟನ್‌ಗಳಿಗೆ ತುಕ್ಕು ಹಿಡಿಸುತ್ತದೆ. 'ಹೋದ ವರ್ಷ ಚೆನ್ನಾಗಿತ್ತು, ಈ ವರ್ಷ ಅಲ್ಲಾಡುತ್ತಿಲ್ಲ' ಎನ್ನುವ ಗಾಡಿಗಳ ಒಳಗೆ ಆಗಿರುವುದು ಹೆಚ್ಚಾಗಿ ಇಷ್ಟೇ, ವಾಲ್ವ್ ಕಚ್ಚಿಕೊಂಡಿರುತ್ತದೆ.

ನೊರೆ ತುಂಬಿದ್ದರೆ? ಫಿಲ್ಟರ್ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಸುರಿದಾಗ ನೊರೆ ಬರುವುದು ಗಾಳಿ ಸೇರುವುದರಿಂದ. ಆಯಿಲ್‌ನಲ್ಲೂ ಅಷ್ಟೇ. ಪಂಪ್ ಹೀರುವ ದಾರಿಯಲ್ಲಿ ಎಲ್ಲೋ ಗಾಳಿ ಒಳಬರುತ್ತಿದೆ, ಇಲ್ಲಾ ಆಯಿಲ್ ಕಡಿಮೆ ಇದೆ. ಆಯಿಲ್ ಅಮುಕಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹಾಗಾಗಿ ಲಿಫ್ಟ್ ಸ್ಪಂಜಿನ ಹಾಗೆ ಎಗರಿ ಎಗರಿ ಏಳುತ್ತದೆ.

ಆಯಿಲ್ ಬದಲಿಸುವುದಾದರೆ ಗಾಡಿಯ ಕೈಪಿಡಿ ಹೇಳಿದ ಗ್ರೇಡ್ ಹಾಕಿ. ಈ ಆಯಿಲ್ ಗೇರನ್ನೂ ಕಾಯಬೇಕು, ಸಣ್ಣ ವಾಲ್ವ್‌ನ ಸಂದಿಯಲ್ಲೂ ಹರಿಯಬೇಕು. ತೀರಾ ಗಟ್ಟಿಯಾದರೆ ಬೆಳಗಿನ ತಂಪಿಗೆ ಪಂಪ್ ಹೀರಲು ಒದ್ದಾಡುತ್ತದೆ. ತೀರಾ ತೆಳುವಾದರೆ ಬಿಸಿಯಾದ ಮೇಲೆ ಸವೆದ ಸಂದಿಗಳಲ್ಲಿ ಜಾರಿ ಹೋಗುತ್ತದೆ. 35ರ ಗಾತ್ರದ ಗಾಡಿಗೆ 30 ಲೀಟರ್ ಆಸುಪಾಸು ಬೇಕಾಗುತ್ತದೆ, ಖರ್ಚು ಕಮ್ಮಿಯೇನಲ್ಲ. ಆದರೆ ಆಯಿಲ್ ಇಳಿಸಿದಾಗಲೇ ಸ್ಟ್ರೈನರ್ ತೊಳೆಯಲು ಅವಕಾಶ. ಜಾಲರಿಗೆ ಅಂಟಿದ ಕೊಳೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ಬರೀ ಜಿಡ್ಡಾದರೆ ಚಿಂತೆ ಇಲ್ಲ. ಹಿತ್ತಾಳೆ ಬಣ್ಣದ ಚೂರು, ಕಬ್ಬಿಣದ ಪುಡಿ ಹೊಳೆದರೆ ಒಳಗೆ ಏನೋ ಸವೆಯುತ್ತಿದೆ.

## ಲಕ್ಷಣ ನೋಡಿ ರೋಗ ಹಿಡಿಯುವುದು

ಇಲ್ಲಿವರೆಗಿನದೆಲ್ಲ ಸರಿ ಇದ್ದು ಲಿಫ್ಟ್ ಇನ್ನೂ ಸತಾಯಿಸುತ್ತಿದ್ದರೆ, ಅದು ಹೇಗೆ ಸತಾಯಿಸುತ್ತಿದೆ ಎಂಬುದನ್ನು ಗಮನಿಸಿ. ಮೆಕ್ಯಾನಿಕ್‌ಗೆ 'ಲಿಫ್ಟ್ ಸರಿ ಇಲ್ಲ' ಅಂದರೆ ಡಾಕ್ಟರಿಗೆ 'ಹುಷಾರಿಲ್ಲ' ಅಂದಹಾಗೆ.

ಬೆಳಿಗ್ಗೆ ಚೆನ್ನಾಗಿ ಏಳುತ್ತದೆ, ಒಂದು ಗಂಟೆ ಉತ್ತ ಮೇಲೆ ಸೋಲುತ್ತದೆ. ಇದು ಸವೆತದ ಗುರುತು. ಆಯಿಲ್ ಬಿಸಿಯಾಗಿ ತೆಳುವಾದಾಗ ಸವೆದ ಪಂಪ್, ಹಳೇ ಸೀಲ್‌ಗಳ ಸಂದಿಯಲ್ಲಿ ನುಸುಳಿಹೋಗುತ್ತದೆ. ಉಲ್ಟಾ ಇದ್ದರೆ, ಅಂದರೆ ತಂಪಿನಲ್ಲಿ ಏಳದೆ ಬಿಸಿಯಾದ ಮೇಲೆ ಎದ್ದರೆ, ಹೀರುವ ದಾರಿಯ ಮೇಲೆ ಅನುಮಾನ ಪಡಿ. ಜಾಲರಿ ಕಟ್ಟಿರಬಹುದು, ಆಯಿಲ್ ತೀರಾ ಗಟ್ಟಿ ಇರಬಹುದು.

ಇಂಜಿನ್ ಓಡುತ್ತಿದ್ದಾಗ ಎತ್ತಿ ನಿಲ್ಲಿಸಿದ ಕಲ್ಟಿವೇಟರ್ ಬಿಕ್ಕಳಿಸುತ್ತದೆ. ಒಂಚೂರು ಇಳಿಯುತ್ತದೆ, ಟಕ್ ಅಂತ ಮತ್ತೆ ಏಳುತ್ತದೆ. ನೋಡಲು ತಮಾಷೆ. ಒಳಗೆ ಆಗುತ್ತಿರುವುದು ಇಷ್ಟು. ಸಿಲಿಂಡರಿನಿಂದ ಆಯಿಲ್ ಸೋರುತ್ತಿದೆ. ತೋಳು ಇಳಿದದ್ದು ವಾಲ್ವ್‌ಗೆ ಗೊತ್ತಾಗಿ ಮತ್ತೆ ಆಯಿಲ್ ಕಳಿಸುತ್ತಿದೆ. ತೂತು ಬಿದ್ದ ಟ್ಯಾಂಕಿಗೆ ಆಟೋಮ್ಯಾಟಿಕ್ ಮೋಟರ್ ಇದ್ದ ಹಾಗೆ. ಸೋರಿಕೆ ಜಾಸ್ತಿಯಾದಷ್ಟೂ ಬಿಕ್ಕಳಿಕೆ ಬೇಗ ಬೇಗ. ಇಂಥ ಗಾಡಿಯಲ್ಲಿ ಪಂಪ್ ಚೆನ್ನಾಗೇ ಇದೆ ಎಂದರ್ಥ! ಸೋರುವ ಜಾಗ ಹುಡುಕದೆ ಹೊಸ ಪಂಪ್ ಹಾಕಿಸಿದರೆ ದುಡ್ಡು ದಂಡ ಆಗಬಹುದು.

ಇಂಜಿನ್ ಆಫ್ ಮಾಡಿದ ಮೇಲೆ ಇಳಿಯುವುದೂ ಇದೇ ಸೋರಿಕೆಯಿಂದ. ಹಳೇ ಗಾಡಿ ರಾತ್ರಿ ಕಳೆಯುವುದರೊಳಗೆ ಒಂದಷ್ಟು ಇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಐದು ನಿಮಿಷಕ್ಕೆ ನೆಲ ಮುಟ್ಟಿದರೆ ನೋಡಲೇಬೇಕು.

ಎದ್ದದ್ದು ಇಳಿಯುವುದೇ ಇಲ್ಲ ಎಂದರೆ ವಾಲ್ವ್ ಕಚ್ಚಿಕೊಂಡಿದೆ, ಲಿವರಿನ ಕಂಬಿ ಬಾಗಿದೆ, ಇಲ್ಲವೇ ಆಗಲೇ ಹೇಳಿದ ತುಕ್ಕು. ಕೆಲವು ಮಾಡೆಲ್‌ಗಳಲ್ಲಿ ಇಳಿಯುವ ವೇಗ ತಗ್ಗಿಸುವ ತಿರುಪು ಇರುತ್ತದೆ, ಅದನ್ನೂ ನೋಡಿ. ಪೂರ್ತಿ ಎದ್ದ ಮೇಲೆ ಕೀಂಯ್ ಎಂದು ಕಿರುಚುತ್ತಿದ್ದರೆ ತೋಳು ಮೇಲಿನ ಮಿತಿ ಮುಟ್ಟಿದ ಮೇಲೂ ಪಂಪ್ ತಳ್ಳುತ್ತಿದೆ. ರಿಲೀಫ್ ವಾಲ್ವ್ ಬಾಯಿ ಬಿಟ್ಟಿದೆ. ಲಿವರಿನ ಹೊಂದಾಣಿಕೆ ತಪ್ಪಿದೆ, ಲಿವರ್ ಸ್ವಲ್ಪ ಕೆಳಕ್ಕೆ ಇಳಿಸಿದರೆ ಸದ್ದು ನಿಲ್ಲುತ್ತದೆ. ಹೀಗೇ ಬಿಟ್ಟರೆ ಆಯಿಲ್ ಕಾದು ಪಂಪ್ ಹಾಳಾಗುತ್ತದೆ.

## ಕೈ ಹಾಕುವ ಮೊದಲು

ಎದ್ದಿರುವ ಸಲಕರಣೆಯ ಕೆಳಗೆ ತಲೆ ಬೇಡ, ಕಾಲೂ ಬೇಡ. ನೀವು ನೋಡಲು ಬಂದಿರುವುದೇ ಸೋರುವ ಲಿಫ್ಟ್. ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟು ಅದರ ಮೇಲೆ ಭಾರ ಕೂರಿಸಿ. ಇಟ್ಟಿಗೆ, ಹಾಲೋ ಬ್ಲಾಕ್ ಬೇಡ, ಅವು ಹೇಳದೆ ಕೇಳದೆ ಒಡೆಯುತ್ತವೆ.

ಹೊರಗಡೆ ಪೈಪ್ ಇರುವ ಗಾಡಿಯಾದರೆ ಸೋರುವ ಜಾಗವನ್ನು ಬೆರಳಿಂದ ಹುಡುಕಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ 2000 ಪಿಎಸ್‌ಐನಲ್ಲಿ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕಿ ಮಾತ್ರ ಕಾಣುತ್ತದೆ, ನೋವೂ ಮೊದಲು ಕಡಿಮೆ. ಆದರೆ ಬೆರಳು ಕಳೆದುಕೊಳ್ಳುವ ಮಟ್ಟಕ್ಕೆ ಹೋಗಬಹುದು, ಆಯಿಲ್ ಚರ್ಮದೊಳಗೆ ಹೋಯಿತು ಅಂದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ರಟ್ಟಿನ ತುಂಡು ಅಡ್ಡ ಹಿಡಿದು ನೋಡಿ, ಸೋರಿಕೆ ಅದರ ಮೇಲೆ ಗುರುತು ಬಿಡುತ್ತದೆ.

## ಟಾರ್ಚ್ ಬೆಳಕಿನಲ್ಲಿ ಕಂಡದ್ದು

ನಮ್ಮ ಚಿಕ್ಕಪ್ಪನ ಮಗ ಹೊಸಕೋಟೆ ಕಡೆ ಒಂದು 1035 ಕೊಂಡ. ವರ್ಷಗಟ್ಟಲೆ ಟ್ಯಾಂಕರ್ ಎಳೆದ ಗಾಡಿ. ಕಲ್ಟಿವೇಟರ್ ಎತ್ತುತ್ತಿರಲಿಲ್ಲ. ಒಬ್ಬ ಮೆಕ್ಯಾನಿಕ್ ಬಂದು ಪಂಪ್ ಬದಲಿಸಿದ. ಈಗ ಎತ್ತಿತು, ಆದರೆ ಬಿಕ್ಕಳಿಕೆ. ಇಂಜಿನ್ ಆಫ್ ಮಾಡಿದರೆ ನಾವು ಟೀ ಕುಡಿದು ಬರುವಷ್ಟರಲ್ಲಿ ಹಲ್ಲುಗಳು ನೆಲದಲ್ಲಿ. 'ಹೊಸ ಪಂಪೇ ಡಬ್ಬ' ಎಂದು ಅವನು ಕೂಗಾಡಿದ.

ಈ ಮಾದರಿಯ ಗಾಡಿಯಲ್ಲಿ ಹೌಸಿಂಗ್ ಪಕ್ಕದಲ್ಲಿ ಒಂದು ಕವರ್ ಇದೆ. ಡಿಪ್‌ಸ್ಟಿಕ್ ಇರುವುದೂ ಅದರಲ್ಲೇ. ಹತ್ತು ಲೀಟರಿನಷ್ಟು ಆಯಿಲ್ ಕ್ಲೀನ್ ಬಕೆಟ್‌ಗೆ ಇಳಿಸಿ ಕವರ್ ಬಿಚ್ಚಿದೆವು. ಇಂಜಿನ್ ಸ್ಟಾರ್ಟ್ ಮಾಡಿ ಕಲ್ಟಿವೇಟರ್ ಎತ್ತಿ, ಇಂಜಿನ್ ಆಫ್ ಮಾಡಿದೆವು. ಒಳಗೆ ತಿರುಗುವ ಶಾಫ್ಟ್ ಇದೆ, ಹಾಗಾಗಿ ಇಂಜಿನ್ ಓಡುವಾಗ ಯಾರೂ ಹತ್ತಿರ ಹೋಗಲಿಲ್ಲ. ನಿಂತ ಮೇಲೆ ಟಾರ್ಚ್ ಬಿಟ್ಟು ಇಣುಕಿದೆವು.

ಇಂಥ ಕಡೆ ನೋಡಬೇಕಾದ್ದು ಮೂರು ಜಾಗ. ಮೇಲಿನಿಂದ, ಸಿಲಿಂಡರಿನ ತೆರೆದ ಬಾಯಿಂದ ಆಯಿಲ್ ತೊಟ್ಟಿಕ್ಕಿದರೆ ಲಿಫ್ಟ್ ಪಿಸ್ಟನ್‌ನ ರಿಂಗ್ ಸವೆದಿದೆ, ಅಥವಾ ಸಿಲಿಂಡರ್ ಬಿರುಕು ಬಿಟ್ಟಿದೆ. ಸ್ಟ್ಯಾಂಡ್ ಪೈಪ್ ಪಂಪ್‌ಗೆ ಇಳಿಯುವ ಜಾಗದಲ್ಲಿ ಚಿಮ್ಮಿದರೆ ಅಲ್ಲಿನ ಓರಿಂಗ್, ಅಂದರೆ ಸಂದಿ ಮುಚ್ಚುವ ರಬ್ಬರ್ ಬಳೆ, ಹೋಗಿದೆ. ಎಲ್ಲೂ ಕಾಣದೆ ಕೆಳಗೆ ಆಯಿಲ್ ಮಟ್ಟದಲ್ಲಿ ಬರೀ ಸುಳಿ ಎದ್ದರೆ ಸೋರಿಕೆ ಪಂಪ್‌ನ ವಾಲ್ವ್ ಕಡೆ.

ನಮಗೆ ಕಂಡದ್ದು ಎರಡನೆಯದು. ಪೈಪಿನ ಬುಡದ ಸುತ್ತ ಆಯಿಲ್ ಸಣ್ಣ ಛತ್ರಿ ಬಿಚ್ಚಿದ ಹಾಗೆ ಹರಡಿ ಇಳಿಯುತ್ತಿತ್ತು. ಕಲ್ಟಿವೇಟರ್ ಇಳಿದಂತೆಲ್ಲ ಛತ್ರಿ ಕುಗ್ಗುತ್ತಾ ಬಂದು, ಹಲ್ಲು ನೆಲ ಮುಟ್ಟಿದಾಗ ನಿಂತಿತು. ಪಂಪ್ ಬದಲಿಸಿದವನು ಹಳೇ ಓರಿಂಗನ್ನೇ ವಾಪಸ್ ಹಾಕಿದ್ದ. ಬಿಚ್ಚಿ ತೆಗೆದಾಗ ಅದು ಕಲ್ಲಿನಷ್ಟು ಗಟ್ಟಿ, ಒಂದು ಮಗ್ಗುಲು ಚಪ್ಪಟೆ. ಉಗುರಲ್ಲಿ ಒತ್ತಿದರೆ ಗುರುತೇ ಬೀಳಲಿಲ್ಲ. ಹೊಸದರ ಬೆಲೆ ಒಂದು ಮಸಾಲೆ ದೋಸೆಗಿಂತ ಕಮ್ಮಿ.

ಅಂಗಡಿಗೆ ಹೋಗುವಾಗ ಹಳೇ ಓರಿಂಗ್ ಜತೆ ಪೈಪನ್ನೂ ಒಯ್ಯಿರಿ. ಗಟ್ಟಿಯಾದ ಓರಿಂಗ್ ತನ್ನ ಅಳತೆ ಬಿಟ್ಟುಕೊಟ್ಟಿರುತ್ತದೆ. ಎಸ್‌ಜೆಪಿ ರೋಡ್, ಕಲಾಸಿಪಾಳ್ಯ, ಜೆಸಿ ರೋಡ್ ಕಡೆ ಸುತ್ತಿದರೆ ಸೀಲ್, ಓರಿಂಗ್ ಅಂಗಡಿಗಳಿವೆ. ಆಯಿಲ್‌ಗೆ ಕರಗದ ನೈಟ್ರೈಲ್ ರಬ್ಬರಿನದೇ ಕೇಳಿ. ನಲ್ಲಿಗೆ ಹಾಕುವ ಸಾದಾ ವಾಶರ್ ಆಯಿಲ್‌ನಲ್ಲಿ ಊದಿಕೊಳ್ಳುತ್ತದೆ.

## ಗೇಜ್ ಹಾಕಿದರೆ ಜಗಳ ಮುಗಿಯುತ್ತದೆ

ಪಂಪ್ ಸೋತಿದೆಯೋ ಇಲ್ಲವೋ ಎಂಬ ವಾದಕ್ಕೆ ಕಡೆಯ ಮಾತು ಪ್ರೆಶರ್ ಗೇಜ್‌ನದು. ಪೀಣ್ಯದ ಹೈಡ್ರಾಲಿಕ್ ಅಂಗಡಿಗಳಲ್ಲಿ 250 ಬಾರ್‌ವರೆಗೆ ಓದುವ ಗ್ಲಿಸರಿನ್ ತುಂಬಿದ ಗೇಜ್ ಸಿಗುತ್ತದೆ. ಒಂದು ಬಾರ್ ಅಂದರೆ ಸುಮಾರು 14.5 ಪಿಎಸ್‌ಐ. ಟ್ರೈಲರ್‌ಗೆ ಆಯಿಲ್ ಕೊಡುವ ತೂತಿಗೆ ಅದನ್ನು ಜೋಡಿಸಿ ಲಿವರ್ ಎತ್ತಬೇಕು. ಮುಳ್ಳು ಸರ್ರನೆ ಏರಿ ಕೈಪಿಡಿ ಹೇಳಿದ ಒತ್ತಡದ ಹತ್ತಿರ ನಿಂತರೆ ಪಂಪ್ ಗಟ್ಟಿಮುಟ್ಟು. ತಂಪಿನಲ್ಲಿ ಏರಿ ಬಿಸಿಯಲ್ಲಿ ಅರ್ಧಕ್ಕೇ ನಿಂತರೆ ಸವೆತ. ಯಾವಾಗ ನೋಡಿದರೂ ಒಂದೇ ಕಡಿಮೆ ಅಂಕಿಯಲ್ಲಿ ನಿಂತರೆ ರಿಲೀಫ್ ವಾಲ್ವ್‌ನ ಸ್ಪ್ರಿಂಗ್ ಸೋತಿರಬಹುದು. ಕೆಲವರು ಆ ಸ್ಪ್ರಿಂಗ್ ಕೆಳಗೆ ವಾಶರ್ ಕೊಟ್ಟು ಒತ್ತಡ ಹೆಚ್ಚಿಸುತ್ತಾರೆ. ಕುಕ್ಕರ್ ವೆಯ್ಟ್ ಮೇಲೆ ಕಲ್ಲು ಇಟ್ಟ ಹಾಗೆ ಅದು. ಬೇಡ.

## ಮೇಲಿನ ಕವರ್ ಎತ್ತಲೇಬೇಕಾದರೆ

ಪಿಸ್ಟನ್ ರಿಂಗ್ ಅಥವಾ ಪಂಪ್ ಎಂದು ಖಚಿತವಾದರೆ ಕವರ್ ಬಿಚ್ಚದೆ ವಿಧಿಯಿಲ್ಲ. ಇದು ಇಬ್ಬರು ಕೈಯಲ್ಲಿ ಎತ್ತುವ ಸಾಮಾನಲ್ಲ, ಚೈನ್ ಪುಲ್ಲಿ ಬೇಕು. ಎತ್ತುವ ಮೊದಲು ಸ್ಟ್ಯಾಂಡ್ ಪೈಪನ್ನು ಮೇಲಿನಿಂದ ಎಳೆದು ತೆಗೆಯಲೇಬೇಕು. ಮರೆತರೆ ಪೈಪ್ ಬಾಗುತ್ತದೆ, ಪಂಪ್‌ನ ತುದಿಯೂ ಒಡೆಯಬಹುದು. ವಾಪಸ್ ಕೂರಿಸುವಾಗ ಕವರಿನಿಂದ ಕೆಳಗೆ ಇಳಿಯುವ ಕಂಬಿ ಪಂಪ್‌ನ ವಾಲ್ವ್ ಲಿವರಿನ ಜಾಗಕ್ಕೆ ಸರಿಯಾಗಿ ಸೇರಬೇಕು. ತಪ್ಪಿದರೆ ಎಲ್ಲ ಬೋಲ್ಟ್ ಬಿಗಿ ಮಾಡಿದ ಮೇಲೆ ಲಿಫ್ಟ್ ಏಳುವುದೇ ಇಲ್ಲ, ಅಥವಾ ಎದ್ದರೆ ಇಳಿಯುವುದಿಲ್ಲ. ಮತ್ತೆ ಮೊದಲಿಂದ. ಪಕ್ಕದ ಕವರ್ ತೆಗೆದಿಟ್ಟುಕೊಂಡು ಒಬ್ಬರು ಅಲ್ಲಿಂದ ಟಾರ್ಚ್ ಬಿಟ್ಟು ನೋಡುತ್ತಾ ಹೇಳಿದರೆ ಈ ಫಜೀತಿ ಇರುವುದಿಲ್ಲ.

ಒಮ್ಮೆ ಬಿಚ್ಚಿದ ಮೇಲೆ ಸಿಕ್ಕ ಓರಿಂಗ್, ಸೀಲ್, ಗ್ಯಾಸ್ಕೆಟ್ ಎಲ್ಲ ಹೊಸದು ಹಾಕಿ. ಇದರಲ್ಲಿ ಜಿಪುಣತನ ಮಾಡಿದ್ದಕ್ಕೇ ನಮ್ಮ ಹುಡುಗನ ಗಾಡಿ ಎರಡು ಸಲ ಬಿಚ್ಚಿಸಿಕೊಂಡಿತು. ಬನಿಯನ್ ಬಟ್ಟೆ, ಹತ್ತಿ ವೇಸ್ಟ್‌ನಲ್ಲಿ ಒಳಗೆ ಒರೆಸಬೇಡಿ. ಅದರ ನೂಲು ಹೋಗಿ ಸೀದಾ ಸ್ಟ್ರೈನರ್‌ಗೆ ಸುತ್ತಿಕೊಳ್ಳುತ್ತದೆ.

ಜೋಡಿಸಿದ ಮೇಲೆ ಇಂಜಿನನ್ನು ಸಣ್ಣಗೆ ಓಡಿಸಿ, ಭಾರ ಇಲ್ಲದೆ ಹತ್ತಿಪ್ಪತ್ತು ಸಲ ಎತ್ತಿ ಇಳಿಸಿ. ಒಳಗಿನ ಗಾಳಿ ಹೊರಹೋಗುತ್ತದೆ. ಪೈಪ್, ಸಿಲಿಂಡರ್ ತುಂಬಿಕೊಂಡ ಮೇಲೆ ಆಯಿಲ್ ಮಟ್ಟ ಇಳಿದಿರುತ್ತದೆ, ಮತ್ತೆ ತುಂಬಿ. ಆಮೇಲೆ ಕಲ್ಟಿವೇಟರ್ ಸಿಕ್ಕಿಸಿ ಎತ್ತಿ, ಇಂಜಿನ್ ಆಫ್ ಮಾಡಿ, ಗೋಡೆಯ ಮೇಲೆ ಹಲ್ಲಿನ ತುದಿಗೆ ಸಮವಾಗಿ ಸೀಮೆಸುಣ್ಣದ ಗೆರೆ ಎಳೆಯಿರಿ. ನಾವು ಸಂಜೆ ಆರಕ್ಕೆ ಗೆರೆ ಎಳೆದು ಮಲಗಿದೆವು. ಬೆಳಿಗ್ಗೆ ನೋಡಿದರೆ ಎರಡು ಬೆರಳು ಇಳಿದಿತ್ತು, ಅಷ್ಟೇ.